ಮಿಲ್ಬರ್ ಟವರಿನ ಖಾಲಿ ಕಿಟಕಿ

ಡಾರ್ಲಾ ಕ್ರೌಡರ್ ಆಡಿದ ಆ ಒಂದು ಮಾತನ್ನು ವರ್ಲಿನ್ ಶುಪ್ ಇವತ್ತಿಗೂ ಕ್ಷಮಿಸಿಲ್ಲ. ಆಡಿದ್ದಾದರೂ ಎಲ್ಲಿ? ಅವಳಪ್ಪ ಎಮೆಟ್‌ನನ್ನು ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊರವರೆಲ್ಲ ತಟ್ಟೆ ಹಿಡಿದು ನಿಂತಿದ್ದಾಗ. ವರ್ಲಿನ್ ಬಾಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚಿತ್ತು.

"ಅಪ್ಪ ರೈಲ್ವೆ ಟವರ್‌ನಲ್ಲಿ ಕೆಲಸ ಮಾಡ್ತಿರೋ ಒಂದು ಫೋಟೋ ಬೇಕಿತ್ತು. ಅಮ್ಮ ಮಂಚದ ಪಕ್ಕ ಇಟ್ಕೊಳ್ಬೇಕಂತೆ. ನಮ್ಮನೇಲಿರೋದೆಲ್ಲ ಮದುವೆ ಸೂಟಿಂದು" ಎಂದಳು ಡಾರ್ಲಾ.

ವರ್ಲಿನ್ ತುತ್ತು ನುಂಗಿಕೊಂಡು ನಿಜ ಹೇಳಿದ. "ಟವರ್‌ದು ಬೇಕಾದಷ್ಟಿದೆ. ಎಮೆಟ್‌ದು... ಇದ್ದಂಗಿಲ್ಲ."

"ಇಲ್ವಾ? ನಾನು ಶಾಲೆಗೆ ಹೋಗ್ತಿದ್ದಾಗಿಂದ ನೀವು ಕ್ಯಾಮೆರಾ ಹಿಡ್ಕೊಂಡು ಅಪ್ಪನ ಕಿಟಕಿ ಕೆಳಗೆ ನಿಂತಿದ್ರಿ. ಅವರು ಮಾಡಿದ ಕಾಫಿ ಕುಡಿದ್ರಿ. ಒಂದು ಫೋಟೋ ಇಲ್ವಾ? ನೀವೆಂಥ ಸ್ನೇಹಿತ್ರು ರೀ?"

ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ವರ್ಲಿನ್‌ಗೆ ಕಿವಿಯವರೆಗೆ ಉರಿಯಿತು. ತಟ್ಟೆಯನ್ನು ಅಲ್ಲೇ ಕುಕ್ಕಿ ಹೊರಟುಬಿಟ್ಟ. ಮನೆ ಮುಟ್ಟುವವರೆಗೂ ತನ್ನ ಪಿಕಪ್ ಗಾಡಿಯೊಳಗೆ ಒಬ್ಬನೇ ಬೈದುಕೊಂಡ. ರೈಲಿನ ಚಿತ್ರ ತೆಗೆಯುವವನು ಮನುಷ್ಯರ ಚಿತ್ರ ಯಾಕೆ ತೆಗೆಯಬೇಕು ಹೇಳಿ! ದನದ ಡಾಕ್ಟರನ್ನು ಹಿಡಿದು ನಮ್ಮಮ್ಮನಿಗೆ ಯಾಕೆ ಮದ್ದು ಕೊಡಲಿಲ್ಲ ಎಂದು ಯಾರಾದರೂ ಕೇಳುತ್ತಾರೆಯೇ?

ವಾರವಿಡೀ ಶಾಲಾ ಬಸ್ಸುಗಳ ಅಡಿಯಲ್ಲಿ ಮಲಗಿ ಗ್ರೀಸು ಬಳಿದುಕೊಳ್ಳುವ ಮೆಕ್ಯಾನಿಕ್ ಅವನು. ಶನಿವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಮಿಲ್ಬರ್ ಜಂಕ್ಷನ್ನಿಗೆ ಹೋಗುತ್ತಿದ್ದ. ಸುತ್ತ ಜೋಳದ ಹೊಲ, ನಡುವೆ ಎರಡು ರೈಲುದಾರಿ ಒಂದನ್ನೊಂದು ಕತ್ತರಿಸುವ ಜಾಗ, ಅಲ್ಲಿ ಮರದ ಎರಡಂತಸ್ತಿನ ಸಿಗ್ನಲ್ ಟವರ್. ಮೇಲೆ ಎಮೆಟ್ ಕ್ರೌಡರ್ ಆಳೆತ್ತರದ ಲಿವರುಗಳನ್ನು ಎಳೆದು ಹಳಿ ಬದಲಿಸುತ್ತಿದ್ದ. ಕೆಳಗೆ ವರ್ಲಿನ್, ಅವನ ಜೊತೆಗಾರ ಲೊವೆಲ್, ಇನ್ನೂ ಕೆಲವರು ಬಿಸಿಲಿಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲುತ್ತಿದ್ದರು. ಬೇರೆ ಕಡೆಯೆಲ್ಲ ಗುಜರಿಗೆ ಹೋಗಿದ್ದ ಗುಂಡು ಮೂತಿಯ ಹಳೇ ಡೀಸೆಲ್ ಎಂಜಿನ್ನುಗಳು ಆ ದಾರಿಯಲ್ಲಿ ಇನ್ನೂ ಹೊಗೆಯುಗುಳುತ್ತ ಓಡುತ್ತಿದ್ದವು.

ಈ ಜನರ ಚಿತ್ರಕ್ಕೊಂದು ಮಡಿ ಇತ್ತು. ಎಂಜಿನ್ನಿನ ಮೂತಿಗೂ ಚಕ್ರಕ್ಕೂ ಬಿಸಿಲು ಬಿದ್ದಿರಬೇಕು. ಅದರ ನೆತ್ತಿಯಿಂದ ತಂತಿಕಂಬ ಎದ್ದಂತೆ ಕಾಣಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರದೊಳಗೆ ನರಪಿಳ್ಳೆ ಇರಕೂಡದು. ಅದು ಇನ್ನೂ ರೀಲಿನ ಕಾಲ. ಬೆಳಕಿಗೆ ಹಿಡಿದು ನೋಡುವ ಸ್ಲೈಡು ಚಿತ್ರಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಎಲ್ಲಾದರೂ ಒಂದು ಟೋಪಿ ಕಂಡರೂ ಸಾಕು, "ಇದ್ರಲ್ಲಿ ಯಾವನೋ ಇದಾನಲ್ಲೋ" ಎಂದು ವಾಪಸು ತಳ್ಳುತ್ತಿದ್ದರು.

ಎಮೆಟ್ ಮಾತ್ರ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕುತ್ತಿದ್ದ.

"ಏ ಎಮೆಟ್, ತಲೆ ಒಳಗೆ ತಗೊಳೋ ಮಾರಾಯ! ಬಂತು!" ವರ್ಲಿನ್ ಕೂಗುತ್ತಿದ್ದ.

"ಯಾಕೋ, ನನ್ನ ಮೂತಿ ಆ ಎಂಜಿನ್ ಮೂತಿಗಿಂತ ಕೆಟ್ಟದಾಗಿದ್ಯಾ?"

"ಅದಕ್ಕೆ ಬಣ್ಣ ಆದ್ರೂ ಹೊಡ್ದಿದಾರೆ, ನಿನಗೆ ಅದೂ ಇಲ್ಲ!"

ಎಮೆಟ್ ನಗುತ್ತ ಒಳಗೆ ಸರಿಯುತ್ತಿದ್ದ. ಹಾದುಹೋಗುವ ಗಾಡಿಯ ಚಕ್ರ ಕಾದು ಹೊಗೆಯಾಡುತ್ತಿದೆಯೇ ಎಂದು ಎಂಜಿನ್ನಿನಿಂದ ಹಿಡಿದು ಕಡೆಯ ಡಬ್ಬಿಯವರೆಗೆ ನಿಂತು ನೋಡುವುದು ಅವನ ಕೆಲಸ. ಅವನು ಹೀಗೆ ಒಳಗೆ ಸರಿಯುವುದನ್ನು ರೈಲ್ವೆಯ ಮೇಲಧಿಕಾರಿಗಳು ಕಂಡಿದ್ದರೆ ಅವನ ಕೆಲಸಕ್ಕೇ ಕುತ್ತು. ಆದರೂ ಕೆಳಗಿನವರ ಕ್ಯಾಮೆರಾ ಸದ್ದು ನಿಂತ ಮೇಲೆಯೇ ಅವನು ಮತ್ತೆ ಹೊರಗೆ ಇಣುಕುತ್ತಿದ್ದುದು. "ಮುಗೀತಾ ದೊರೆಗಳೇ? ಇನ್ನು ನಾನು ನನ್ನ ಕೆಲಸ ಮಾಡ್ಬಹುದಾ?"

ಮಣ್ಣಾದ ಮಾರನೇ ದಿನದಿಂದ ವರ್ಲಿನ್ ಸ್ಲೈಡು ತುಂಬಿದ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿಕೊಂಡು ಕೂತ. ಡಾರ್ಲಾಳ ಬಾಯಿ ಮುಚ್ಚಿಸಬೇಕೆಂಬ ಹಟ. ಒಂದೊಂದೇ ಸ್ಲೈಡನ್ನು ಬೆಳಕಿಗೆ ಹಿಡಿದ. ಹಿಮ ಹೊದ್ದ ಟವರ್, ಬಣ್ಣ ಸುಲಿದ ಟವರ್, ಹೊಸ ಬಣ್ಣದ ಟವರ್. ಪ್ರತಿಯೊಂದರಲ್ಲೂ ಮೇಲಿನ ಕಿಟಕಿ ತೆರೆದಿತ್ತು, ಪ್ರತಿಯೊಂದೂ ಖಾಲಿ. ಅಷ್ಟನ್ನೂ ಖಾಲಿ ಮಾಡಿಸಿದ್ದು ತನ್ನದೇ ಗಂಟಲು.

ಲೊವೆಲ್‌ಗೆ ಫೋನು ಮಾಡಿದ.

"ಎಮೆಟ್ ಇರೋದಾ? ಒಂದೆರಡಿತ್ತು ಕಣೋ. ಎಸೆದ್ಬಿಟ್ಟೆ."

"ಎಸೆದ್ಯಾ! ಯಾಕೋ ಎಸೆದೆ, ಕತ್ತೆ!"

"ಹಾಳಾಗಿತ್ತಲ್ಲ! ಎಮೆಟ್ ಅಡ್ಡ ಬಂದಿದ್ದ ಅದ್ರಲ್ಲಿ. ನೀನೇ ಎಸಿ ಅಂದಿದ್ದು."

ಉಳಿದವರನ್ನೂ ಕೇಳಿ ನೋಡಿದ. ಎಲ್ಲರ ಪೆಟ್ಟಿಗೆಯಲ್ಲೂ ಅದೇ ಟವರ್, ಅದೇ ಚಂದದ ಬಿಸಿಲು, ಅದೇ ಬರಿದಾದ ಕಿಟಕಿ.

ಕಡೆಗೆ ಇದ್ದುದನ್ನೇ ತೋರಿಸೋಣವೆಂದು ಒಂದು ಭಾನುವಾರ ಮಧ್ಯಾಹ್ನ ಪ್ರೊಜೆಕ್ಟರ್ ಹೊತ್ತು ಕ್ರೌಡರ್ ಮನೆಗೆ ಹೋದ. ಎಮೆಟ್‌ನ ಹೆಂಡತಿ ನೋಲಾ ತಾನೇ ಕಿಟಕಿಯ ಪರದೆ ಎಳೆದು, ಗೋಡೆಯ ಮೇಲಿದ್ದ ಕ್ಯಾಲೆಂಡರ್ ತೆಗೆದು ಜಾಗ ಮಾಡಿಕೊಟ್ಟಳು. ಡಾರ್ಲಾ ಕೈಕಟ್ಟಿ ಬಾಗಿಲಿಗೆ ಒರಗಿ ನಿಂತಳು, ಕೂರಲಿಲ್ಲ.

ಗೋಡೆಯ ಮೇಲೆ ಟವರ್ ಮೂಡಿತು, ಅದರ ಮುಂದೆ ಗುಂಡು ಮೂತಿಯ ಎಂಜಿನ್ನು.

"ಇವರು ಎಲ್ಲಿ?" ನೋಲಾ ಮುಂದಕ್ಕೆ ಬಾಗಿದಳು.

"ಆ ಕಿಟಕಿ ಪಕ್ಕ ಗೋಡೆ ಇದೆಯಲ್ಲಮ್ಮ, ಅದರ ಹಿಂದೆ."

ಮುಂದಿನದು ಬಂತು. "ಇದ್ರಲ್ಲಿ?"

"ಇದ್ರಲ್ಲೂ ಹಿಂದೇನೇ."

"ಅಲ್ಲಿ ಹೋಗಿ ಯಾಕೆ ನಿಂತ್ಕೋತಿದ್ರು?"

"ನಾವೇ... ಒಳಗೆ ಹೋಗು ಅಂತಿದ್ವಿ."

ನೋಲಾ ಸ್ವಲ್ಪ ಹೊತ್ತು ಆ ಕಿಟಕಿಯನ್ನೇ ನೋಡಿದಳು. ಕೋಪಿಸಿಕೊಳ್ಳಲಿಲ್ಲ. ಏನೋ ನೆನಪಾದವಳಂತೆ ನಕ್ಕಳು. "ವಾರವೆಲ್ಲ ಎಣ್ಣೆ ಮೆತ್ತಿದ ಅಂಗೀಲೇ ಹೋಗ್ತಿದ್ರಪ್ಪ. ಶನಿವಾರ ಮಾತ್ರ ಇಸ್ತ್ರಿ ಅಂಗಿ ಬೇಕು ಅನ್ನೋರು. ಕನ್ನಡಿ ಮುಂದೆ ನಿಂತು ನೀರು ಹಚ್ಚಿ ತಲೆ ಬಾಚೋರು. ಎಂಥ ಸಿಂಗಾರ ಇದು, ಯಾರು ಬರ್ತಾರೆ ಅಲ್ಲಿಗೆ ಅಂದ್ರೆ, ಫೋಟೋದವ್ರು ಬರ್ತಾರೆ ಕಣೇ ಅನ್ನೋರು."

ವರ್ಲಿನ್ ಪ್ರೊಜೆಕ್ಟರಿನ ಗುಂಡಿಯ ಮೇಲಿಟ್ಟಿದ್ದ ಬೆರಳನ್ನು ಹಿಂದೆಗೆದ. ಅದರ ಫ್ಯಾನು ಗುಯ್‌ಗುಟ್ಟುತ್ತಿತ್ತು.

"ಹೆಣ್ಮಕ್ಕಳನ್ನ ಮೇಲೆ ಬಿಡ್ತಿರಲಿಲ್ಲ ಅಲ್ಲಿ" ಎಂದಳು ನೋಲಾ. "ಅವರು ಅಲ್ಲಿ ಹೇಗೆ ಕಾಣ್ತಿದ್ರು ಅಂತ ನಾನು ಒಂದಿನಾನೂ ನೋಡಿಲ್ಲ. ಎಲ್ಲಾದ್ರೂ ಒಂದು ಸಿಕ್ಕರೆ ತಂದ್ಕೊಡಪ್ಪ."

"ತಂದ್ಕೊಡ್ತೀನಿ."

"ಇವರು ತಂದ್ಕೊಟ್ಟ ಹಾಗೇ ಇದೆ" ಎಂದಳು ಡಾರ್ಲಾ ಬಾಗಿಲಿನಿಂದ. ಎಷ್ಟಾದರೂ ಅವಳ ನಾಲಗೆ ಅವಳದೇ.

ಟವರನ್ನು ಅದೇ ಬೇಸಗೆಯಲ್ಲಿ ಕೆಡವಿದರು. ಹಳಿ ಈಗ ಎಲ್ಲೋ ದೂರದ ಊರಿನಿಂದ ತಾನೇ ಬದಲಾಗುತ್ತದೆ. ಮುಂದಿನ ಚಳಿಗಾಲ ಕಳೆಯುವಷ್ಟರಲ್ಲಿ ನೋಲಾಳೂ ಹೋದಳು. ಡಾರ್ಲಾ ಅಂಗಡಿಯಲ್ಲಿ ಎದುರಾದರೆ ಅವನು ಸಾಲು ಬದಲಿಸುತ್ತಾನೆ.

ಆದರೂ ಎಲ್ಲೇ ರೈಲುಹುಚ್ಚರ ಸಂತೆ ನಡೆದರೂ ವರ್ಲಿನ್ ಹೋಗುತ್ತಾನೆ. ಉಳಿದವರು ಎಂಜಿನ್ನಿನ ನಂಬರು ನೋಡಿ ಸ್ಲೈಡು ಹೆಕ್ಕಿದರೆ, ಇವನು ಯಾರೂ ಕೊಳ್ಳದೆ ಮೂಲೆಗೆ ತಳ್ಳಿದ ಹಾಳು ಸ್ಲೈಡುಗಳ ಡಬ್ಬಿಯ ಮುಂದೆ ಕೂರುತ್ತಾನೆ. ಒಂದೊಂದನ್ನೂ ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಕಿಟಕಿಗಳನ್ನು ನೋಡುತ್ತಾನೆ.

"ಅದ್ರಲ್ಲೇನೂ ಇಲ್ಲ ಬಿಡಪ್ಪ, ಎಲ್ಲ ಜನ ಅಡ್ಡ ಬಂದಿರೋದೇ" ಎನ್ನುತ್ತಾನೆ ಮಾರುವವನು.

"ನಿನ್ನ ಕೆಲಸ ನೀನು ನೋಡ್ಕೊಳಯ್ಯ!" ಎಂದು ವರ್ಲಿನ್ ಗುರುಗುಟ್ಟಿ ಮುಂದಿನ ಸ್ಲೈಡು ಎತ್ತಿಕೊಳ್ಳುತ್ತಾನೆ. ಎಮೆಟ್ ಇನ್ನೂ ಸಿಕ್ಕಿಲ್ಲ.