ಬೆಂಕಿಕಡ್ಡಿಯಲ್ಲಿ ಅಳೆದ ಟೈರು

ನನಗೊಂದು ಚಾಳಿ ಇದೆ, ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ, ಬಿಟ್ಟು, ಅದು ಎಷ್ಟು ಬೇಗ ಮೇಲೆದ್ದು ಬರುತ್ತದೆಂದು ನೋಡುತ್ತೇನೆ. ಇಡ್ಲಿ, ದಿಂಬು, ಬದನೆಕಾಯಿ, ಮೊಮ್ಮಗಳ ಕೆನ್ನೆ, ಯಾವುದಕ್ಕೂ ವಿನಾಯಿತಿಯಿಲ್ಲ. ಒಮ್ಮೆ ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ದಢೂತಿ ಮಹಾಶಯರೊಬ್ಬರ ಭುಜವನ್ನೂ ಒತ್ತಿ ನೋಡಿದ್ದೆ. ಅವರು ತಿರುಗಿ ಏನೆಂದರು ಎಂಬುದನ್ನು ಬರೆಯುವಂತಿಲ್ಲ. ಭುಜದ ಹದ ಮಾತ್ರ ಚೆನ್ನಾಗಿತ್ತು.

ಈ ಚಾಳಿ ಅಂಟಿಕೊಂಡದ್ದು ಐವತ್ತರ ದಶಕದ ಗುಂಡ್ಲುಪೇಟೆಯಲ್ಲಿ. ನಾನು ಉಡಿಗಾಲದವನು. ಚಾಮರಾಜನಗರದಲ್ಲಿ ಹೈಸ್ಕೂಲು ಮುಗಿಸಿ, ಮೈಸೂರಿನಲ್ಲಿ ಇಂಟರ್ ಸೈನ್ಸಿಗೆ ಎರಡು ಸಲ ಕೂತು, ಎರಡು ಸಲವೂ ಉರುಳಿಕೊಂಡು ವಾಪಸು ಬಂದಿದ್ದೆ. ಇನ್ನು ಪರೀಕ್ಷೆ ಬರೆಯುವ ಸಹವಾಸ ಸಾಕು, ಪರೀಕ್ಷೆ ಮಾಡುವ ಕೆಲಸ ಹಿಡಿಯೋಣ ಎಂದು ತೀರ್ಮಾನಿಸಿದೆ. ಊಟಿ ರಸ್ತೆಯ ಪಕ್ಕದಲ್ಲಿ ಶಿವಣ್ಣ ಎಂಬವರು ಸವೆದ ಟೈರಿಗೆ ಹೊಸ ರಬ್ಬರಿನ ಮೈ ಹೊದಿಸುವ ಅಂಗಡಿ ಇಟ್ಟಿದ್ದರು. ನನ್ನನ್ನು 'ಟೆಸ್ಟರ್' ಎಂದು ನೇಮಿಸಿಕೊಂಡರು. ಸೈನ್ಸಿನಲ್ಲಿ ಫೇಲಾದವನಿಗೂ ಸ್ವಲ್ಪ ಸೈನ್ಸು ತಾಗಿರುತ್ತದೆ ಎಂಬುದು ಅವರ ನಂಬಿಕೆ.

ವಯನಾಡಿನ ಕಡೆಯಿಂದ ಹಸಿ ರಬ್ಬರಿನ ಹಾಳೆಗಳು ಮದ್ದೂರಿನ ಕಾಡುದಾರಿ ಹಾಯ್ದು ಲಾರಿಯಲ್ಲಿ ಬರುತ್ತಿದ್ದವು. ಅವನ್ನು ಎರಡು ಕಬ್ಬಿಣದ ಉರುಳೆಗಳ ನಡುವೆ ಅರೆದು, ಮಸಿ ಬೆರೆಸಿ, ಗಂಧಕ ಬೆರೆಸಿ, ಟೈರಿಗೆ ಹೊದಿಸಿ ಅಚ್ಚಿನಲ್ಲಿ ಬೇಯಿಸಬೇಕು. ಬೇಯುವುದು ಕಮ್ಮಿಯಾದರೆ ಹಲಸಿನ ಮೇಣ, ಹೆಚ್ಚಾದರೆ ಹುರಿದ ಹಪ್ಪಳ. ಇವೆರಡರ ನಡುವಿನ ಹದ ಹಿಡಿಯಲು ದೊಡ್ಡ ಕಾರ್ಖಾನೆಗಳಲ್ಲಿ ಮುಳ್ಳು ತಿರುಗುವ ಯಂತ್ರಗಳಿದ್ದವಂತೆ. ನಮ್ಮಲ್ಲಿದ್ದದ್ದು ನಾನು. ಅರೆದ ಮುದ್ದೆಯನ್ನು ಮೂಸುತ್ತಿದ್ದೆ, ಹಲ್ಲಿನಿಂದ ಕಚ್ಚುತ್ತಿದ್ದೆ, ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಬೆಂದ ತುಂಡನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಗೋಡೆಗೆ ಕಾಲು ಕೊಟ್ಟು ಎಳೆಯುತ್ತಿದ್ದೆ. ಪುಟಿತ ಎಷ್ಟಿದೆ ನೋಡಲು ಉಂಡೆ ಮಾಡಿ ನೆಲಕ್ಕೆ ಎಸೆಯುತ್ತಿದ್ದೆ. ಒಂದು ಉಂಡೆಯಂತೂ ನಮ್ಮ ಹೊಸಿಲು ದಾಟಿ, ಪಕ್ಕದ ಹೋಟೆಲಿನ ಕಟ್ಟೆ ಹತ್ತಿ, ನೇರವಾಗಿ ಸಾಂಬಾರಿನ ಹಂಡೆಗೆ ಹಾರಿತು. ಆ ದಿನ ಊಟಕ್ಕೆ ಬಂದವರು ನುಗ್ಗೆಕಾಯಿ ಸ್ವಲ್ಪ ಬಲಿತಿದೆ ಎಂದರೇ ಹೊರತು ಬೇರೇನೂ ಹೇಳಲಿಲ್ಲ.

ಹೀಗೆ ನನ್ನ ವಿದ್ಯೆಯ ಮತ್ತಿನಲ್ಲಿ ತೇಲುತ್ತಿದ್ದಾಗಲೇ ನನ್ನ ಸೋದರಮಾವ ಹೆಣ್ಣು ನೋಡಲು ಬಂಡೀಪುರಕ್ಕೆ ಕರೆದುಕೊಂಡು ಹೋದದ್ದು. ಹುಡುಗಿ ದೇವಮ್ಮಣ್ಣಿ. ಅವಳ ತಂದೆ ಮಾದಪ್ಪ ಫಾರೆಸ್ಟ್ ಗಾರ್ಡು. ಕಾಡಿನ ಗೇಟಿನ ಪಕ್ಕದಲ್ಲೇ ಮನೆ. ಊಟಕ್ಕೆ ಕೂರಿಸಿ ಅವಳೇ ಮುದ್ದೆ ಬಡಿಸಿದಳು. ತಲೆಯೆತ್ತಿ ನೋಡಿದೆ. ನೋಡಿದೆ ಎನ್ನುವುದಕ್ಕಿಂತ ಅಲ್ಲೇ ಜಾರಿಬಿದ್ದೆ ಎಂದರೆ ಸರಿ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಟೈರುಗಳ ನಡುವೆಯೇ ಸನ್ಯಾಸ ಎಂದು ಮನಸ್ಸು ಹಾರಾಡುತ್ತಿರುವಾಗ ನನ್ನ ಹೆಬ್ಬೆರಳು ತನ್ನ ಪಾಡಿಗೆ ಮುದ್ದೆಯನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿತು. ಬಾಯಿಯೂ ತನ್ನ ಪಾಡಿಗೆ, ಇನ್ನೆರಡು ನಿಮಿಷ ಬೇಯಬೇಕಿತ್ತು, ಎಂದುಬಿಟ್ಟಿತು.

ಸೋದರಮಾವ ಕಣ್ಣು ಮುಚ್ಚಿಕೊಂಡರು. ಮಾದಪ್ಪ ಸಾರಿನ ಸೌಟನ್ನು ಅಲ್ಲೇ ನಿಲ್ಲಿಸಿದರು. ಅಷ್ಟರಲ್ಲಿ ಬಾಗಿಲ ಹಿಂದೆ ಸರಿದಿದ್ದ ದೇವಮ್ಮಣ್ಣಿಯ ತಣ್ಣನೆಯ ದನಿ ಬಂತು.

"ಅಪ್ಪಯ್ಯ, ಅವ್ರು ನಮ್ ಮುದ್ದೆ ಪರೀಕ್ಸೆ ಮಾಡುದ್ರು. ಅವ್ರು ಮಾಡೋ ಟೈರೂ ನಮ್ ಗೇಟ್ ಮುಂದೆನೇ ಓಗ್ಲಿ. ಒಂದ್ ತಿಂಗ್ಳು ನಾವೂ ನೋಡನ. ಆಮೇಕೆ ಮಾತಾಡನ."

ಅಷ್ಟೇ. ನನ್ನ ರಬ್ಬರು ಹೊದ್ದ ಟೈರು ಊಟಿ ಬಸ್ಸಿನಲ್ಲಿ ಒಂದು ತಿಂಗಳು ಘಾಟಿ ಹತ್ತಿ ಇಳಿದರೆ ದೇವಮ್ಮಣ್ಣಿ ನನ್ನವಳು. ಇಲ್ಲದಿದ್ದರೆ ಉಂಡ ಮುದ್ದೆಯೇ ಲಾಭ. ಮಾದಪ್ಪ ದಿನವೂ ಗೇಟಿನಲ್ಲಿ ಬಸ್ಸು ನಿಂತಾಗ ಟೈರಿನ ಮೈಮೇಲಿನ ಗೀರಿಗೆ ಬೆಂಕಿಕಡ್ಡಿ ಇಳಿಬಿಟ್ಟು, ಆಳಕ್ಕೆ ಉಗುರಿನಿಂದ ಗುರುತು ಮಾಡಿ ಮಗಳಿಗೆ ಕೊಡುವುದೆಂದು ನಿಶ್ಚಯವಾಯಿತು. ಬೀಡಿ ಹಚ್ಚಲು ಕಡ್ಡಿ ಉಳಿಯುವುದಿಲ್ಲವಲ್ಲ ಎಂದು ಅವರು ಗೊಣಗಿದ್ದು ನನಗೆ ಕೇಳಿಸಿತು.

ಹಾರುತ್ತಾ ಬಂದು ಕೆಲಸ ಶುರುಮಾಡಿದೆ. ಅರೆದ ರಬ್ಬರನ್ನು ಬೇಯಿಸುವ ಮುಂಚೆ ಒಂದು ದಿನ ತಂಪಾದ ಕಡೆ ಸುಮ್ಮನೆ ಬಿಡಬೇಕೆಂದು ಶಿವಣ್ಣ ಹೇಳಿಕೊಟ್ಟಿದ್ದರು. ಆದರೆ ಅದು ಮಾಗಿ ಕಾಲ. ಬೆಳಿಗ್ಗೆ ಬಾಯಿ ತೆರೆದರೆ ಹೊಗೆ. ಉಡಿಗಾಲದಲ್ಲಿ ನಮ್ಮವ್ವ ಮಾಗಿಯಲ್ಲಿ ದೋಸೆ ಹಿಟ್ಟಿನ ಗಡಿಗೆಗೆ ಕಂಬಳಿ ಹೊದಿಸಿ ಒಲೆಯ ಪಕ್ಕ ಇಡುತ್ತಿದ್ದಳು, ಇಲ್ಲದಿದ್ದರೆ ಹುಳಿ ಬರದು. ನಾನೂ ಹಾಗೇ ಮಾಡಿದೆ. ಹಳೆಯ ಟೈರಿಗೂ ಹೊಸ ಮೈಗೂ ನಡುವೆ ಅಂಟಾಗಿ ಹಾಕುವ ತೆಳು ರಬ್ಬರಿನ ಸುರುಳಿ ಇರುತ್ತದೆ. ನನ್ನ ಬಾಳೆಲ್ಲ ನಿಂತಿದ್ದದ್ದೇ ಅದರ ಮೇಲೆ. ಆ ಸುರುಳಿಗೆ ನನ್ನದೇ ಕಂಬಳಿ ಹೊದಿಸಿ, ಅಚ್ಚಿಗೆ ಹಬೆ ಕೊಡುವ ಬಾಯ್ಲರಿನ ಪಕ್ಕ ಮಲಗಿಸಿದೆ. ಮಾರನೆಯ ದಿನ ಒತ್ತಿ ನೋಡಿದರೆ ಹೆಬ್ಬೆರಳಿಗೆ ಅಂಟಬೇಕಾದಷ್ಟು ಅಂಟಲಿಲ್ಲ. ಹದ ಬಂದಿದೆ ಎಂದು ಸಂತೋಷಪಟ್ಟೆ. ಪ್ರೀತಿಯಲ್ಲಿ ಬಿದ್ದವನ ಹೆಬ್ಬೆರಳನ್ನು ನಂಬಬಾರದು.

ಟೈರನ್ನು ಬಸ್ಸಿನ ಹಿಂದಿನ ಎಡ ಚಕ್ರಕ್ಕೆ ಹಾಕಿದರು. ಶಿವಣ್ಣನವರ ಅಪ್ಪಣೆಯ ಮೇರೆಗೆ ನಾನು ದಿನವೂ ಆ ಚಕ್ರದ ಮೇಲಿನ ಸೀಟಿನಲ್ಲೇ ಕೂತು ಊಟಿಗೆ ಹೋಗಿ ಬರುತ್ತಿದ್ದೆ. ಆಹಾ, ಆ ದಿನಗಳು. ಗೂಡಲೂರಿನ ತಿರುವುಗಳಲ್ಲಿ ಜನ ವಾಂತಿ ಮಾಡಿಕೊಳ್ಳುತ್ತಿದ್ದರೆ ನಾನು ಸೀಟಿಗೆ ಕಿವಿಯಿಟ್ಟು ಚಕ್ರದ ಗುಂಯ್‌ ನಾದ ಕೇಳಿ ನಗುತ್ತಿದ್ದೆ. ಬಂಡೀಪುರ ಬಂದರೆ ಮಾದಪ್ಪ ಕಡ್ಡಿ ಹಿಡಿದು ಬಗ್ಗುವರು. ದೂರದಲ್ಲಿ ಜಗಲಿಯ ಮೇಲೆ ಒಂದು ಹಸಿರು ಸೀರೆ. ನನ್ನ ಎದೆಯ ಪುಟಿತವನ್ನು ಅಳೆಯುವ ಯಂತ್ರ ಯಾವ ಕಾರ್ಖಾನೆಯಲ್ಲೂ ಇರಲಿಲ್ಲ.

ಇಪ್ಪತ್ತಮೂರನೆಯ ದಿನ ವಾಪಸು ಬರುವಾಗ, ಬಂಡೀಪುರ ಇನ್ನೇನು ಬಂತು ಎನ್ನುವಾಗ, ಹಿಂದಿನಿಂದ ಪಟಾರ್ ಪಟಾರ್ ಎಂದು ಸದ್ದು ಶುರುವಾಯಿತು. ಯಾರೋ ಆನೆ ಎಂದರು. ಆನೆ ಬಸ್ಸನ್ನು ಬಡಿಯುತ್ತಿದೆ, ಬೇಗ ಓಡಿಸು ಎಂದು ಎಲ್ಲರೂ ಡ್ರೈವರನ ಮೇಲೆ ಬಿದ್ದರು. ಅವನು ಜೋರು ಮಾಡಿದಷ್ಟೂ ಆನೆಯೂ ಜೋರಾಗಿ ಬಡಿಯಿತು. ಇಡೀ ಬಸ್ಸಿನಲ್ಲಿ ಅದು ಆನೆಯಲ್ಲವೆಂದು ತಿಳಿದವನು ನಾನೊಬ್ಬನೇ. ಆನೆಯೇ ಆಗಿರಲಿ ದೇವರೇ ಎಂದು ಬೇಡಿಕೊಂಡವನೂ ನಾನೊಬ್ಬನೇ.

ಗೇಟಿನಲ್ಲಿ ಬಸ್ಸು ನಿಂತಾಗ ನನ್ನ ಟೈರಿನ ಹೊಸ ಮೈ ಅರ್ಧ ಕಿತ್ತುಕೊಂಡು ರಸ್ತೆಯ ಮೇಲೆ ನಾಲಗೆ ಚಾಚಿತ್ತು. ಮಾದಪ್ಪ ಕಡ್ಡಿ ಹಿಡಿದು ಬಂದವರು ಎಲ್ಲಿ ಇಳಿಬಿಡುವುದೆಂದು ತಿಳಿಯದೆ ನಿಂತರು. ನಾನು ಇಳಿದು, ತಲೆ ತಗ್ಗಿಸಿ, ಸೋತೆ ಎಂದೆ. ಅಳು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ದೇವಮ್ಮಣ್ಣಿ ಒಂದು ತಗಡಿನ ಡಬ್ಬಿ ಹಿಡಿದು ಬಂದಳು. ಒಳಗೆ ಕಡ್ಡಿಗಳ ಎರಡು ಕಟ್ಟು, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ.

"ಕೆಂಪು ನಿಮ್ದು. ಬಿಳೀದು ಬಲಗಡೆ ಚಕ್ರದ್ದು, ಅದು ಅಂಗ್ಡಿಯಿಂದ ತಂದ ಹೊಸ ಟೈರು. ಅದ್ನೂ ಅಳೀದೆ ಇದ್ರೆ ನಿಮ್ದು ಜಾಸ್ತಿ ಸವೀತೋ ಕಮ್ಮಿ ಸವೀತೋ ಎಂಗ್ ಗೊತ್ತಾದದು?"

ಇಷ್ಟು ಕಾಲ ಕಚ್ಚಿ, ಮೂಸಿ, ಎಳೆದು ಪರೀಕ್ಷೆ ಮಾಡಿದ್ದೆನಲ್ಲ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಅವಳು ಮೊದಲ ದಿನದ ಕಡ್ಡಿಗೂ ಕೊನೆಯ ದಿನದ ಕಡ್ಡಿಗೂ ಉಗುರು ಗುರುತು ಜೋಡಿಸಿ ತೋರಿಸಿದಳು. ಹೊಸ ಟೈರಿಗಿಂತ ನನ್ನ ರಬ್ಬರು ಸವೆದದ್ದು ಕೂದಲೆಳೆಯಷ್ಟು ಕಮ್ಮಿಯೇ.

"ರಬ್ರು ಚೆನ್ನಾಗದೆ. ಕೆಟ್ಟಿರದು ಅಂಟು," ಎಂದಳು. "ಅಂಟ್ಗೆ ಏನ್ ಮಾಡುದ್ರಿ?"

ಇಂಟರ್ ಪರೀಕ್ಷೆಯಲ್ಲೂ ಇಷ್ಟು ನೇರವಾದ ಪ್ರಶ್ನೆ ಬಂದಿರಲಿಲ್ಲ. ಮಾಗಿ, ದೋಸೆ ಹಿಟ್ಟು, ಕಂಬಳಿ, ಬಾಯ್ಲರು, ಎಲ್ಲವನ್ನೂ ಒಪ್ಪಿಕೊಂಡೆ. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು, ಅಂಟು ಅಚ್ಚಿಗೆ ಹೋಗುವ ಮುಂಚೆಯೇ ಕಂಬಳಿಯೊಳಗೆ ಅರೆಬೆಂದು ಕೂತಿತ್ತು. ದೇವಮ್ಮಣ್ಣಿ ಗೇಟಿನ ಕಂಬ ಹಿಡಿದುಕೊಂಡು ನಕ್ಕಳು. ನಗುವುದು ನಿಲ್ಲಿಸಲು ನೋಡಿ, ಆಗದೆ, ಇನ್ನೂ ನಕ್ಕಳು. ಬಸ್ಸಿನವರೂ ಕಿಟಕಿಯಲ್ಲಿ ತಲೆ ಹಾಕಿ ನಕ್ಕರು. ಕೊನೆಗೆ ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

"ಏನ್ ಕಣಮ್ಮಿ, ಪಾಸೋ ಫೇಲೋ?" ಎಂದರು ಮಾದಪ್ಪ.

"ಇನ್ನೊಂದ್ ತಿಂಗ್ಳು ಓಡ್ಲಿ ಅಪ್ಪಯ್ಯ. ಕಂಬ್ಳಿ ಮಾತ್ರ ಒದಿಸ್ಬೇಡಿ ಅನ್ನು."

ಎರಡನೆಯ ಟೈರು ತಿಂಗಳು ದಾಟಿ ಓಡಿತು. ಅದು ಇನ್ನೂ ಓಡುತ್ತಿರುವಾಗಲೇ ಮದುವೆಯಾಯಿತು. ಶಿವಣ್ಣ ಮದುವೆಯ ಚಪ್ಪರದಲ್ಲೇ ನನ್ನನ್ನು ಪಕ್ಕಕ್ಕೆ ಕರೆದು, ನಿನ್ನ ಬದಲು ಆ ಹುಡುಗಿಯನ್ನೇ ಟೆಸ್ಟರ್ ಮಾಡಿಕೊಂಡರೆ ಹೇಗೆ ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜಕ್ಕೋ ಇಂದಿಗೂ ಗೊತ್ತಾಗಿಲ್ಲ.

ಮೊನ್ನೆ ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಎರಡನೆಯದೊಂದಿಲ್ಲದೆ ಅಳೆಯುವವಳಲ್ಲ ನೀನು. ಇಷ್ಟು ವರ್ಷ ನನ್ನನ್ನು ಯಾರ ಜೊತೆ ಇಟ್ಟು ಅಳೆಯುತ್ತಿದ್ದೀಯೆ?

"ಬ್ಯಾರೆಯವ್ರು ಯಾಕೆ," ಎಂದಳು ತಲೆಯೆತ್ತದೆ, "ಮದ್ವೆ ದಿನ ನೀವಿದ್ರಲ್ಲ, ಅವ್ರ ಜೊತೆಗೇ."

ಮತ್ತೆ ಫಲಿತಾಂಶ ಏನು ಎಂದೆ. ಈ ವಯಸ್ಸಿನಲ್ಲೂ ಎದೆ ಸ್ವಲ್ಪ ಹೊಡೆದುಕೊಂಡಿತು. ಅವಳು ತಲೆಯೆತ್ತಿ, ನೆತ್ತಿಯಿಂದ ಪಾದದವರೆಗೆ ಒಂದು ಸಲ ನೋಡಿ, ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಸವ್ದಿದ್ದೀರಿ ಕಣಿ. ಕಿತ್ಕಂಡಿಲ್ಲ."