ಸ್ವೀಡನ್ನಿನ ಗಂಟಲು, ಬಂಗಾರಪೇಟೆಯ ಕೂಗು

ಏಪ್ರಿಲ್ ಬಿಸಿಲಿನಲ್ಲಿ ಕತ್ತಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ನಿಂತ ಮನುಷ್ಯನನ್ನು ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ನೀವು ಕಂಡಿದ್ದರೆ, ಪಾಪ, ಚಳಿಜ್ವರವಿರಬೇಕು ಎಂದುಕೊಂಡು ಮುಂದೆ ನಡೆದಿರುತ್ತೀರಿ. ನಾನು ಹಾಗೆ ನಡೆಯುವಂತಿರಲಿಲ್ಲ. ಚಿನ್ನದ ಗಣಿಯ ಊರಿಗಾಂನ ಮನೆಯಿಂದ ಹೊರಟು, ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ, ಬೂದಿಕೋಟೆಯ ಶಾಲೆಗೆ ಕನ್ನಡ ಕಲಿಸಲು ಹೋಗುವ ನನ್ನನ್ನು ವರ್ಷಗಟ್ಟಲೆ ದಿನಾ ಬಸ್ಸು ಹತ್ತಿಸಿದವರು ಅವರೇ. ಹೆಸರು ನಾರಾಯಣಪ್ಪ, ಕಾಮಸಮುದ್ರದ ಕಡೆಯವರು. ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಕರೆಯುವುದು ಅವರ ಕೆಲಸ.

ಅದೆಂಥ ಕೂಗು ಅಂತೀರಿ! “ಬೂದಿಕೋಟ ಬೂದಿಕೋಟ ಬೂದಿಕೋಟೇ... ಬನ್ನಿ ಬನ್ನಿ, ರಂಡಿ ರಂಡಿ, ವಾಂಗ ವಾಂಗ!” ಕನ್ನಡಕ್ಕೊಂದು ದನಿ, ತೆಲುಗಿಗೊಂದು, ತಮಿಳಿಗೆ ಇನ್ನೊಂದು. ಒಂದು ಬಸ್ಸಿಗೆ ಮೂರು ಬಸ್ಸಿನ ದುಡಿಮೆ. ಕಡೆಗೊಂದು ದಿನ ಆ ದನಿ ಹರಿದ ತಮಟೆಯಾಯಿತು. ಧ್ವನಿಪೆಟ್ಟಿಗೆಯಲ್ಲಿ ಗಂಟು ಕಟ್ಟಿದೆ, ಒಂದು ತಿಂಗಳು ತುಟಿ ಬಿಚ್ಚಬೇಡ, ಆಮೇಲೂ ಹೀಗೇ ಕೂಗಿದರೆ ದನಿ ಹೋದೀತು ಎಂದರು ಕೋಲಾರದ ಡಾಕ್ಟರು. ಬಸ್ಸಿನ ಮಾಲೀಕರು ಕೆಟ್ಟವರಲ್ಲ. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ಆ ಏಪ್ರಿಲ್ ಹೊತ್ತಿಗೆ ಯುಗಾದಿ ಕಳೆದೇ ಹೋಗಿತ್ತು, ದಾಕ್ಷಿಣ್ಯಕ್ಕೆ ಇನ್ನೆರಡು ವಾರ ಕೊಟ್ಟಿದ್ದರು.

ಇಲ್ಲಿ ನನ್ನದೊಂದು ಗುಟ್ಟನ್ನು ನಿಮ್ಮ ಮುಂದೆ ಬಿಚ್ಚಿಡಬೇಕು. ಹಳಗನ್ನಡ ಪಾಠ ಹೇಳುವ, ನೆತ್ತಿ ಬೋಳಾದ ಈ ಮೇಷ್ಟರಿಗೆ ಹೆವಿ ಮೆಟಲ್ ಸಂಗೀತದ ಹುಚ್ಚು. ಗಣಿ ಕಾರ್ಮಿಕರ ಲೈನ್ ಮನೆಗಳ ನಡುವೆ ಬೆಳೆದವನು ನಾನು. ನಮ್ಮಲ್ಲಿ ಮನೆಗೊಂದು ಗಿಟಾರ್ ಇಲ್ಲದಿದ್ದರೂ ಸಾಲಿಗೊಂದಾದರೂ ಇರುತ್ತಿತ್ತು. ಪಕ್ಕದ ಮನೆಯ ಅಣ್ಣ ಕೊಟ್ಟ ಕ್ಯಾಸೆಟ್ಟೊಂದರಲ್ಲಿ ಸ್ವೀಡನ್ ದೇಶದ ಗಾಯಕನೊಬ್ಬ ಗುಡುಗುತ್ತಿದ್ದ. ಅವನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಒಗ್ಗಿಲ್ಲ. ಅವನೂ ಗಣಿಯೂರಿನವನೇ. ನಮ್ಮದು ಚಿನ್ನ, ಅವರದು ಕಬ್ಬಿಣ. ಅಪ್ಪ ಪಾಳಿಗೆ ಹೋದಾಗ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಅರಚಿ ಅರಚಿ ಹಾಡುಗಾರನಾದ, ದೇಶ ದೇಶ ಸುತ್ತಿದ, ಹೆಸರು ಉತ್ತುಂಗಕ್ಕೇರಿದಾಗಲೇ ವೇದಿಕೆಯ ಮೇಲೆ ಗಂಟಲಿನಿಂದ ರಕ್ತ ಬಂತು. ಎಲ್ಲ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಅವನು ಮಾತ್ರ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದು, ಎಳೆಗೂಸಿನ ಹಾಗೆ ಹೊಟ್ಟೆಯಿಂದ ಉಸಿರೆಳೆಯುವುದನ್ನು ಹೊಸದಾಗಿ ಕಲಿತು ಮರಳಿ ಬಂದ. ಇದನ್ನೆಲ್ಲ ಅವನೇ ಹೇಳಿಕೊಂಡ ಸಂದರ್ಶನವೊಂದು ನನ್ನ ಫೋನಿನಲ್ಲಿದೆ. ಭಯಂಕರವಾಗಿ ಗರ್ಜಿಸುವ ಆ ಮನುಷ್ಯ ಅದರಲ್ಲಿ ಮಗು ಮಲಗಿಸುವವರಷ್ಟು ಮೆತ್ತಗೆ ಮಾತಾಡುತ್ತಾನೆ.

ನಾರಾಯಣಪ್ಪನವರ ಮೌನದ ತಿಂಗಳಲ್ಲಿ ಮೊದಲು ನಾನು ಮೇಷ್ಟರ ಬುದ್ಧಿಯನ್ನೇ ತೋರಿಸಿದೆ. ಹಲಗೆಯೊಂದಕ್ಕೆ ಮೂರು ಲಿಪಿಗಳಲ್ಲಿ ಊರಿನ ಹೆಸರುಗಳನ್ನು ದುಂಡಗೆ ಬರೆದುಕೊಟ್ಟೆ. ಅವರು ಅದನ್ನು ಎತ್ತಿ ಹಿಡಿದು ನಿಂತರು. ಒಬ್ಬರೂ ಅತ್ತ ಕತ್ತೆತ್ತಲಿಲ್ಲ. ನಮ್ಮ ಜನ ಬಸ್ಸಿನ ಬೋರ್ಡು ನೋಡಿ ಹತ್ತುವವರಲ್ಲ, ಕೂಗು ಕಿವಿಗೆ ಬಿದ್ದ ಮೇಲೆ ಚೀಲ ಎತ್ತುವವರು. ಬಸ್ಸುಗಳು ಅರೆಬರೆ ತುಂಬಿ ಹೊರಟವು. ಹಲಗೆ ನನಗೇ ವಾಪಸು ಬಂತು.

ತಿಂಗಳು ಕಳೆದು ಅವರು ಬಾಯಿ ಬಿಟ್ಟಾಗ ಇನ್ನೊಂದು ಸಲಹೆ ಕೊಟ್ಟೆ. ಮೂರು ಭಾಷೆಯಲ್ಲಿ ಒಂದನ್ನು ಬಿಡಿ, ಗಂಟಲಿಗೆ ಅಷ್ಟು ವಿರಾಮ ಎಂದೆ. ಅವರಿಗೆ ಸಿಟ್ಟೇ ಬಂತು.

“ಯಾವ್ ಜನಾನ ಬಿಡ್ಲಿ ಮೇಷ್ಟ್ರೇ, ನೀವೇ ಏಳಿ.”

ನಾಚಿಕೆಯಾಗಿ, ಸುಮ್ಮನೆ ಆ ಸಂದರ್ಶನವನ್ನು ತೋರಿಸಿ ಅರ್ಥ ಹೇಳಿದೆ. ಹೀಗೆ ಹೊಟ್ಟೆಯಿಂದ ದನಿ ತೆಗೆಯಬಹುದೇ ಎಂದು ಅವರು ಡಾಕ್ಟರನ್ನೂ ಕೇಳಿ ಬಂದರು. ಮೆಲ್ಲಗೆ ಅಭ್ಯಾಸ ಮಾಡಬಹುದು, ಗಂಟಲು ಬಿಗಿಯಬಾರದು ಎಂದರಂತೆ. ವಾರದ ಮೇಲೆ ವರದಿ ಬಂತು.

“ಬೆಳಿಗ್ಗೆ ಎದ್ದು ಒಟ್ಟೆ ಇಡ್ಕಂಡು ಗುರ್ ಅಂತೀನಿ. ನಮ್ಮನೇವ್ಳು ಏನೋ ಸೇರ್ಕಂಡದೆ ಅಂತ ನಿಂಬೆಣ್ಣು ಇಳೆ ತೆಗ್ದವ್ಳೆ. ಆದ್ರೆ ಜನದ್ ಮುಂದೆ ಕೂಗಕ್ಕೆ ಭಯ ಆಯ್ತದೆ ಮೇಷ್ಟ್ರೇ. ಆಮೇಲೆ ಮಾತೇ ಓದ್ರೆ?”

ಆ ಭಯ ಸುಳ್ಳಲ್ಲ. ಕಲಿತದ್ದು ಉಳಿದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಇರುವ ದನಿಯನ್ನೇ ಪಣಕ್ಕಿಡಬೇಕಲ್ಲ. ಸ್ವೀಡನ್ನಿನವನು ಮೊದಲ ಸಲ ಮತ್ತೆ ವೇದಿಕೆ ಹತ್ತಿದ ದಿನ ಮೈಕಿನ ಮುಂದೆ ಎಷ್ಟು ಹೊತ್ತು ಸುಮ್ಮನೆ ನಿಂತಿದ್ದನೋ, ಸಂದರ್ಶನದಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಮಾಲೀಕರು ಕೊಟ್ಟ ಎರಡು ವಾರದ ಕೊನೆಯ ದಿನ. ಬಸ್ಸು ಹೊರಡಲು ಹತ್ತು ನಿಮಿಷವಿತ್ತು, ಒಳಗೆ ಎಂಟೋ ಒಂಬತ್ತೋ ಜನ. ನಾರಾಯಣಪ್ಪನವರ ಕಂಗಾಲಾದ ಮುಖವನ್ನು ನೋಡಲಾರದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ಸ್ವೀಡನ್ನಿನವನ ಹಾಡು ಹಾಕಿಕೊಂಡು ಬೆನ್ನು ತಿರುಗಿಸಿ ನಿಂತೆ. ಹಿಂದೆ ಇನ್ನೊಂದು ಬಸ್ಸು ರಿವರ್ಸ್ ಬರುತ್ತಿದ್ದುದು ನನಗೆ ಕೇಳಿಸಲೇ ಇಲ್ಲ.

“ಮೇಷ್ಟ್ರೇ...!”

ಕಿವಿಯೊಳಗಿನ ಡ್ರಮ್ಮು ಗಿಟಾರುಗಳನ್ನೆಲ್ಲ ಅಡಗಿಸಿ ಬಂತು ಆ ಗರ್ಜನೆ. ಹಾರಿ ಪಕ್ಕಕ್ಕೆ ಬಿದ್ದೆ. ಬಸ್ಸಿನ ಹಿಂಭಾಗ ನನ್ನ ಚೀಲವನ್ನು ಸವರಿಕೊಂಡು ಹೋಯಿತು. ಎದ್ದು ನೋಡಿದರೆ ನಾರಾಯಣಪ್ಪ ಎರಡೂ ಕೈಯಲ್ಲಿ ಗಂಟಲು ಹಿಡಿದು, ಕಣ್ಣರಳಿಸಿ ನಿಂತಿದ್ದಾರೆ. ನನ್ನ ಜೀವಕ್ಕಿಂತ ಹೆಚ್ಚಾಗಿ ಆ ಗಂಟಲಿಗೆ ಹೆದರಿದೆ. ನನ್ನ ಮೈಮರೆವಿಗಾಗಿ ಈ ಮನುಷ್ಯ ಇದ್ದದ್ದನ್ನೂ ಕಳೆದುಕೊಂಡರಲ್ಲ ಎಂದು ಅಳು ಬಂದುಬಿಟ್ಟಿತು.

“ಮಾತಾಡಬೇಡಿ ನಾರಾಯಣಪ್ಪ, ದಮ್ಮಯ್ಯ, ಮಾತಾಡಬೇಡಿ” ಎಂದೆ.

ಅವರು ಉಗುಳು ನುಂಗಿ ನೋಡಿದರು. ಇನ್ನೊಮ್ಮೆ ನುಂಗಿದರು.

“ನೋವೇ ಆಗ್ಲಿಲ್ಲ ಮೇಷ್ಟ್ರೇ” ಎಂದರು, ಸ್ಪಷ್ಟವಾಗಿ. “ಒಟ್ಟೇಲಿಂದ ಬಂತು.”

ನನ್ನ ಪ್ಯಾಂಟಿನ ಧೂಳು ಕೊಡವಿ ಬಸ್ಸಿನ ಬಾಗಿಲಿಗೆ ಹೋದರು. ಮೊದಲು ಕನ್ನಡ, ಆಮೇಲೆ ತೆಲುಗು, ಆಮೇಲೆ ತಮಿಳು, ಹಳೆಯದಕ್ಕಿಂತ ತಗ್ಗಿದ, ನೆಲದಡಿಯಿಂದ ಬಂದಂಥ ದನಿ. ಟೀ ಅಂಗಡಿಯಲ್ಲಿದ್ದವರು ಲೋಟ ಕೆಳಗಿಟ್ಟರು, ಹೂವಿನಮ್ಮ ಬುಟ್ಟಿ ಎತ್ತಿದಳು. ಐದೇ ನಿಮಿಷದಲ್ಲಿ ಬಸ್ಸು ತುಂಬಿತು. ನನಗೆ ಸೀಟು ಸಿಗಲಿಲ್ಲ. ಬೂದಿಕೋಟೆಯವರೆಗೂ ಒಂದೇ ಕಾಲಿನ ಮೇಲೆ ನಿಂತು ಹೋದೆ, ಅಷ್ಟು ಸಂತೋಷವಾಗಿ ಎಂದೂ ಪ್ರಯಾಣ ಮಾಡಿದವನಲ್ಲ.