ನೆರಿಗೆಯಿಲ್ಲದ ಕುಶನ್

ಬಿಸಿಲಿಗೆ ನಿಂತ ರಿಕ್ಷಾದೊಳಗೆ ಕಾಲಿಟ್ಟರೆ ಕಾದ ರೆಕ್ಸಿನ್ ವಾಸನೆ ಮೂಗಿಗೆ ಬಡಿಯುತ್ತದಲ್ಲ, ಅದು ಎಷ್ಟೋ ಮಂದಿಗೆ ತಲೆನೋವು. ನನಗೆ ಅದು ಅಪ್ಪನ ಅಂಗಿಯ ವಾಸನೆ. ಊರಿಗೊಂದು ಎಸ್.ಟಿ.ಡಿ. ಬೂತು ಇದ್ದ ಕಾಲದಲ್ಲಿ, ಹಿರಿಯಡ್ಕ ಪೇಟೆಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅಪ್ಪನ ಕುಶನ್ ಅಂಗಡಿ ಇತ್ತು. ಅದರ ಹಿಂದೆ ಎರಡು ಕೋಣೆ, ಒಂದು ಅಡಿಗೆಮನೆ, ಅದೇ ನಮ್ಮ ಮನೆ. ಕುಶನ್ನಿಗೆ ತುಂಬುವ ತೆಂಗಿನ ನಾರಿನ ಧೂಳು ಅನ್ನದ ಬಟ್ಟಲಿನವರೆಗೂ ಬರುತ್ತಿತ್ತು. ಅಮ್ಮ ಘಟ್ಟದ ಮೇಲಿನವಳು. ತುಳು ಅರ್ಥವಾದರೂ ನಾಲಿಗೆಗೆ ಹತ್ತಲಿಲ್ಲ, ಹಾಗಾಗಿ ಮನೆಯೊಳಗೆ ಕನ್ನಡ. ಮುಂದೆ ರಸ್ತೆ ಅಗಲವಾದಾಗ ಅಂಗಡಿಯೂ ಹೋಯಿತು, ಮನೆಯೂ ಹೋಯಿತು. ನೀವೂ ಎಲ್ಲೋ ಒಂದು ಕಡೆ, ನಿಮ್ಮ ಅಡಿಗೆಮನೆ ಇದ್ದ ಜಾಗದ ಮೇಲೆಯೇ ಬಸ್ಸಿನಲ್ಲಿ ಕೂತು ಹೋಗಿರಬಹುದು. ಆಗ ಪಕ್ಕದ ಸೀಟಿನವರಿಗೆ ಹೇಳುವುದಾದರೂ ಏನನ್ನು?

ಬಸ್ಸಿರಲಿ, ರಿಕ್ಷಾ ಇರಲಿ, ಮದುವೆ ಮನೆಯ ಸೋಫಾ ಇರಲಿ, ಅಪ್ಪನಿಗೆ ಒಂದೇ ಹಟ: ನೆರಿಗೆ ಕಾಣಬಾರದು. ಮಂಡಿಯೂರಿ, ಹಲ್ಲು ಕಚ್ಚಿ, ರೆಕ್ಸಿನ್ನನ್ನು ಎಳೆದೆಳೆದು ಬಿಗಿಯುತ್ತಿದ್ದರು. ಮುಗಿದ ಮೇಲೆ ಅಂಗೈಯಿಂದ ಒಂದು ಏಟು. ಚೆಂಡೆಯಂತೆ ಸದ್ದು ಬಂದರೆ ಪಾಸು, ಇಲ್ಲದಿದ್ದರೆ ಮತ್ತೆ ಬಿಚ್ಚುವುದು. ಊಟಕ್ಕೆ ಕೂರುವ ಚಾಪೆಯನ್ನೂ ಎಳೆದು ಸರಿಮಾಡುವ ಮನುಷ್ಯ. ಅಮ್ಮ ಸುಮ್ಮನಿರುತ್ತಿರಲಿಲ್ಲ. "ನಾನು ಮುದುಕಿಯಾದರೆ ನನ್ನ ಮುಖವನ್ನೂ ಎಳೆದು ಮೊಳೆ ಹೊಡೆಯುತ್ತೀರಿ ನೀವು" ಎನ್ನುತ್ತಿದ್ದಳು. ಅಪ್ಪನಿಗೆ ಆ ಮಾತೂ ಹೊಗಳಿಕೆಯೇ.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಅಮ್ಮ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನವೂ ಹೋಯಿತು, ಸ್ಪರ್ಶವೂ ಹೋಯಿತು. ಮಣಿಪಾಲದ ಡಾಕ್ಟರು ಮಾಡುವುದನ್ನೆಲ್ಲ ಮಾಡಿ, ಇನ್ನು ಹೀಗೆಯೇ ಎಂದು ಕಳಿಸಿಕೊಟ್ಟರು. ಅಪ್ಪ ನಾಲ್ಕು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಐದನೆಯ ದಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದರು. ಒಂದೇ ಕುಶನ್, ಮನೆಯ ಬೆತ್ತದ ಕುರ್ಚಿಗೂ ಕಟ್ಟಬೇಕು, ಜಗಲಿಯ ಬೆಂಚಿಗೂ ಕಟ್ಟಬೇಕು, ನೆರೆಮನೆಯ ವಾಸಣ್ಣನ ರಿಕ್ಷಾಕ್ಕೂ ಕೂರಬೇಕು. ಅಮ್ಮ ವಾಲಿ ಬೀಳದಂತೆ ಎರಡು ಬದಿಗೆ ದಪ್ಪ ಕಿವಿಗಳು. ರಿಕ್ಷಾದ ಸೀಟು ಹಿಂದಕ್ಕೆ ಇಳಿಜಾರಾದ್ದರಿಂದ ಕುಶನ್ನಿನ ಕೆಳಗೆ ಬೇಕಾದಾಗ ಅಂಟಿಸಿ ಕೀಳುವ, ಬೆಣೆಯಂಥ ಒಂದು ಆಪು. ಬೆಲ್ಟಿಗೆ ನನ್ನ ಹಳೆಯ ಶಾಲೆಚೀಲದ ಬಕಲುಗಳು. ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದರು. ನಾಲ್ಕನೆಯದಕ್ಕೆ ಏಟು ಹಾಕಿದಾಗ ಬಂದ ಸದ್ದು ರಸ್ತೆಯ ಆಚೆಗೂ ಕೇಳಿತು. ಒಂದೇ ಒಂದು ನೆರಿಗೆ ಇರಲಿಲ್ಲ.

ಆ ಭಾನುವಾರ ವಾಸಣ್ಣನ ರಿಕ್ಷಾದಲ್ಲಿ ಕಾಪುವಿಗೆ ಹೋದೆವು. ಬಿದ್ದ ಮೇಲೆ ಅಮ್ಮ ಮನೆಯಿಂದ ಹೊರಗೆ ಸುಮ್ಮನೆ ತಿರುಗಾಡಲು ಹೊರಟದ್ದು ಅದೇ ಮೊದಲು. ಅಷ್ಟು ದೂರವೂ ಒಂದು ಚೂರು ವಾಲದೆ ಕೂತಿದ್ದಳು. ದೀಪಸ್ತಂಭ ಕಾಣುವ ಕಡೆ ರಿಕ್ಷಾ ನಿಲ್ಲಿಸಿದೆವು; ಅವಳು ಕೂತಲ್ಲಿಂದಲೇ ಸಮುದ್ರ ನೋಡಿದಳು. ಅಪ್ಪ ರಿಕ್ಷಾಕ್ಕೆ ಮೂರು ಸುತ್ತು ಬಂದು, ಬೆಲ್ಟು ಮುಟ್ಟಿ ನೋಡಿ, "ಹೇಗುಂಟು ಮಾರಾಯ್ತಿ?" ಎಂದು ಕೇಳಿದರು.

"ರಾಣಿಯ ಹಾಗೆ ಉಂಟು" ಎಂದಳು ಅಮ್ಮ. ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಮ್ಮನ ಮೈ ಒರೆಸುವ ಕೆಲಸ ಮಗಳಾದ ನನ್ನದು. ಆ ಸಂಜೆ ಅವಳನ್ನು ಮಗ್ಗುಲಿಗೆ ಹೊರಳಿಸಿದಾಗ ಹಿಂದೆ, ಮೂಳೆಯ ಜಾಗದಲ್ಲಿ, ನಿಂಬೆಹೋಳಿನಷ್ಟು ಅಗಲಕ್ಕೆ ಕೆಂಪಾಗಿತ್ತು. ನಡುವೆ ಚರ್ಮ ಸುಲಿದಿತ್ತು. ಹೇಳಿದೆ. ಅಮ್ಮ ಕೈ ಹಿಂದೆ ಮಾಡಿ ಸೀರೆ ಎಳೆದು ಮುಚ್ಚಿಕೊಂಡಳು.

"ಅಪ್ಪನಿಗೆ ಹೇಳಬೇಡ ಮಗಾ. ಅವರಿಗೆ ಈಗ ಇರುವುದು ಅದೊಂದೇ ಸಂತೋಷ. ನನಗೇನು, ನೋವೇ ಗೊತ್ತಾಗುವುದಿಲ್ಲ ಅಲ್ವಾ?"

ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ದಿನಾ ಬೆಳಿಗ್ಗೆ ಅಪ್ಪ ಅವಳನ್ನು ಎತ್ತಿ ತಂದು ಕುಶನ್ನಿನ ಮೇಲೆ ಕೂರಿಸುವರು; ದಿನಾ ಸಂಜೆ ನಾನು ತೆಂಗಿನೆಣ್ಣೆ ಸವರುವೆ. ಗಾಯ ಆಳವಾಗುತ್ತಿತ್ತು. ಎರಡು ಸಲ ಅಂಗಡಿಯ ಬಾಗಿಲಿನವರೆಗೆ ಹೋದೆ. ಎರಡು ಸಲವೂ ಅಪ್ಪ ಯಾರೋ ಗಿರಾಕಿಗೆ ಅಮ್ಮನ ಕುಶನ್ನಿನ ಬಗ್ಗೆಯೇ ಹೇಳುತ್ತಿದ್ದರು. ಹೇಳದೆ ಹಿಂದಕ್ಕೆ ಬಂದೆ.

ಜ್ವರ ಏರಿ ಮಣಿಪಾಲಕ್ಕೆ ಒಯ್ದಾಗ ನಂಜು ಮೂಳೆಗೆ ಇಳಿದಿತ್ತು. ವಯಸ್ಸಾದ ಒಬ್ಬ ಸಿಸ್ಟರ್ ನಾವು ಜತೆಗೆ ಒಯ್ದಿದ್ದ ಕುಶನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳು ಇಳಿಯಲಿಲ್ಲ.

"ಇಷ್ಟು ಬಿಗಿ ಎಂತಕ್ಕೆ? ಮೈ ಒಳಗೆ ಇಳಿಯಬೇಕಲ್ವಾ? ಮೇಲಿನ ಬಟ್ಟೆ ಸಡಿಲ ಇರಬೇಕು."

"ಸಡಿಲ ಬಿಟ್ಟರೆ ನೆರಿಗೆ ಬರ್ತದಲ್ಲ ಸಿಸ್ಟರ್" ಎಂದರು ಅಪ್ಪ.

"ಬರಲಿ."

ಅಪ್ಪ ಆಸ್ಪತ್ರೆಯ ಜಗಲಿಯಲ್ಲೇ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ನಾರು ತೆಗೆದು ಅರಳೆ ತುಂಬಿ, ಮೇಲೆ ಹಳೆಯ ಪಂಚೆಯನ್ನು ಸಡಿಲವಾಗಿ ಹೊಲಿದರು. ಮೈತುಂಬ ನೆರಿಗೆ. ಅದನ್ನು ಎರಡು ಕೈಯಲ್ಲಿ ಹಿಡಿದು ವಾರ್ಡಿನ ಬಾಗಿಲಲ್ಲಿ ದಿನವಿಡೀ ನಿಲ್ಲುತ್ತಿದ್ದರು. ಅಮ್ಮ ಅದರ ಮೇಲೆ ಕೂರುವಷ್ಟು ಚೇತರಿಸಿಕೊಳ್ಳಲೇ ಇಲ್ಲ. ಹನ್ನೆರಡನೆಯ ದಿನ ಹೋಗಿಬಿಟ್ಟಳು.

ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೊರಟುಹೋದ ಮಧ್ಯಾಹ್ನ ಅಪ್ಪ ನನ್ನನ್ನು ಹತ್ತಿರ ಕರೆದರು. "ಅವಳಿಗೆ ಗೊತ್ತಾಗುತ್ತಿರಲಿಲ್ಲ, ಸರಿ. ಮೈ ಒರೆಸುವಾಗ ನೀನು ಎಂತಾದರೂ ನೋಡಿದ್ದೀಯಾ ಮಗಾ?"

ನೋಡಿದ್ದೆ ಎಂದರೆ, ಅಮ್ಮನಿಗೂ ಗೊತ್ತಿತ್ತು ಎನ್ನಬೇಕಾಗುತ್ತದೆ. ಗೊತ್ತಿದ್ದೂ ಯಾಕೆ ಕೂತಳು ಎಂದೂ ಹೇಳಬೇಕಾಗುತ್ತದೆ. ಅಷ್ಟನ್ನು ಆ ಮುಖದೆದುರು ಹೇಳುವ ಧೈರ್ಯ ನನಗಿರಲಿಲ್ಲ. ಇವತ್ತಿಗೂ ಇಲ್ಲ; ಕೇಳಲು ಅಪ್ಪನೂ ಇಲ್ಲ.

"ಇಲ್ಲ ಅಪ್ಪ" ಎಂದೆ.

ಅಪ್ಪ ನನ್ನ ತಲೆ ಸವರಿದರು. "ಹೌದು, ನೀನು ಸಣ್ಣವಳು. ನಿನಗೆ ಹೇಗೆ ಗೊತ್ತಾಗಬೇಕು? ಅಳಬೇಡ, ನಿನ್ನದೆಂತದೂ ತಪ್ಪಿಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದರು.